ಅವ್ವನ ಚಿಂದಿ ಪುಸ್ತಕ

ಸ್ಕ್ರ್ಯಾಪ್‌ಬುಕ್ ಎಂಬ ಶಬ್ದ ನಮ್ಮ ಮನೆಯ ಹೊಸ್ತಿಲು ದಾಟಿ ಬಂದದ್ದು ನಾನು ನಿವೃತ್ತಳಾದ ಮೇಲೆ. ಅದಕ್ಕೂ ಮೊದಲು ಆ ವಸ್ತುವಿಗೆ ನಮ್ಮಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಅವ್ವ ಅದನ್ನು ‘ಹಾಳಿ’ ಎನ್ನುತ್ತಿದ್ದಳು. ನಾನು ಚಿಂದಿ ಪುಸ್ತಕ ಎನ್ನುತ್ತಿದ್ದೆ, ಅದೂ ಮೂಗು ಮುರಿದು.

ಅವ್ವ ಕೌದಿ ಹೊಲಿಯುವವಳು. ಸಂಶಿಯಿಂದ ಒಳಗೆ ಹೋದರೆ ಸಿಗುವ ನಮ್ಮ ಊರಿನಲ್ಲಿ, ಊರಬಾಗಿಲಾದ ಅಗಸಿಯಿಂದ ಹಣಮಪ್ಪನ ಗುಡಿಯವರೆಗೆ ಸಾಗುವ ಒಂದು ಉದ್ದನೆಯ ಓಣಿಯಿದೆ. ಆ ಓಣಿಯಲ್ಲಿ ಅವಳ ಕೈಹೊಲಿಗೆಯ ಕೌದಿ ಹೊದೆಯದ ಮನೆಯಿಲ್ಲ. ಮನೆಯ ಹಿರಿಯ ಹೆಂಗಸು ತೀರಿಕೊಂಡರೆ, ಅವಳು ಉಟ್ಟು ಬಿಟ್ಟ ಸೀರೆಗಳನ್ನು ಗಂಟು ಕಟ್ಟಿ ತಂದು ಅವ್ವನ ಮುಂದೆ ಇಡುತ್ತಿದ್ದರು. ಅವ್ವ ಗಂಟು ಬಿಚ್ಚಿ, ಸೀರೆಗಳನ್ನು ಝಾಡಿಸಿ, ಕತ್ತರಿ ಹಿಡಿದು ಮೊದಲು ಒಂದು ಗೇಣು ಬಟ್ಟೆ ಕತ್ತರಿಸಿ ಬಾಜು ಇಟ್ಟುಕೊಳ್ಳುತ್ತಿದ್ದಳು. ಅದು ಅವಳ ಪದ್ಧತಿ. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುವುದಿಲ್ಲವೇ, ಇದೂ ಅಂಥದೇ ಏನೋ ಒಂದು ಎಂದು ಜನ ಸುಮ್ಮನಿರುತ್ತಿದ್ದರು. ಕೌದಿ ಮುಗಿದು ಆ ಮನೆಗೆ ಹೋದ ಮೇಲೆ ಅವ್ವ ಆ ಗೇಣು ಬಟ್ಟೆಯನ್ನು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಹಿಂಬದಿಗೆ ನಾಲ್ಕೂ ಕಡೆ ಹೊಲಿದು, ಹಾಳೆಯನ್ನು ಉಳಿದವುಗಳ ಜೊತೆ ದಾರದಿಂದ ಕಟ್ಟಿಡುತ್ತಿದ್ದಳು. ಹಾಳೆಯ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಅವ್ವನಿಗೆ ಬರೆಯಲು ಬಾರದು. ಬರೆಯಲು ಬರುವ ಮಗಳನ್ನು ಅವಳು ಯಾವತ್ತೂ ‘ಬರೆದುಕೊಡು’ ಅನ್ನಲಿಲ್ಲ, ಮಗಳೂ ‘ಏನು ಬರೀಲಿ’ ಎಂದು ಕೇಳಲಿಲ್ಲ.

ಮಗಳು ಕಲಾವಿದೆ. ಅಂದರೆ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಎಂದು ತಾಲೂಕು ತಿರುಗಿ, ಮೂವತ್ತು ವರ್ಷ ಮಕ್ಕಳಿಂದ ಮಡಕೆ, ಮಾವಿನಹಣ್ಣು, ಸೂರ್ಯೋದಯ ಬರೆಯಿಸಿದವಳು. ಎರಡು ಗುಡ್ಡಗಳ ನಡುವೆ ಸೂರ್ಯ, ಕೆಳಗೊಂದು ಹೊಳೆ, ಹೊಳೆಯಲ್ಲೊಂದು ದೋಣಿ. ಕಣ್ಣು ಹಾಯುವವರೆಗೆ ಎರೆಹೊಲ ಬಿಟ್ಟು ಇನ್ನೊಂದು ಕಾಣದ ಹಳ್ಳಿಯ ಮಕ್ಕಳೂ ಅದನ್ನೇ ಬರೆಯುತ್ತಿದ್ದವು, ನಾನೂ ಅದಕ್ಕೇ ಹತ್ತಕ್ಕೆ ಎಂಟು ಹಾಕುತ್ತಿದ್ದೆ. ಇಂಥ ಘನ ಕಲಾವಿದೆಗೆ ಅವ್ವನ ಹಾಳೆಗಳು ಕಣ್ಣಿಗೆ ಬೀಳುವುದಾದರೂ ಹೇಗೆ? ಜೊತೆಯ ಶಿಕ್ಷಕಿಯರು ಒಮ್ಮೆ ಮನೆಗೆ ಬಂದಾಗ ಆ ಕಟ್ಟನ್ನು ಕಾಲಿನಿಂದ ಹೊರಸಿನ ಕೆಳಗೆ ದೂಡಿದ್ದು ನನಗೆ ಈಗಲೂ ನೆನಪಿದೆ. ಅವ್ವ ನೋಡಿದ್ದಳು. ಚಹಾ ಕೊಟ್ಟು ಒಳಗೆ ಹೋದಳು.

ನಿವೃತ್ತಿಯಾದ ಮೇಲೆ ಅವ್ವನ ಜೊತೆ ಇರಲು ಊರಿಗೆ ಬಂದೆ. ಹೊತ್ತು ಹೋಗದೆ ಫೇಸ್‌ಬುಕ್ಕಿನ ಒಂದು ಗುಂಪು ಸೇರಿದೆ. ಕೈಮಗ್ಗ, ಪರಂಪರೆ, ಅಜ್ಜಿಯ ಪೆಟ್ಟಿಗೆ ಎಂದೆಲ್ಲ ಸೇರಿಸಿ ರೈಲಿನಷ್ಟು ಉದ್ದ ಹೆಸರಿಟ್ಟುಕೊಂಡ ಗುಂಪು ಅದು. ಅಲ್ಲಿನ ಹೆಂಗಸರು ಒಬ್ಬೊಬ್ಬರೂ ಹಳೆಯ ಬಾಗಿಲಿಗೆ ಒರಗಿ, ಮೂಗಿಗೆ ಹೊಸ ನತ್ತು ಏರಿಸಿ, ಇಳಕಲ್ ಸೀರೆಯ ಸೆರಗನ್ನು ಗಾಳಿಗೆ ಬಿಟ್ಟು ನಿಲ್ಲುತ್ತಿದ್ದರು. ಬಾಗಿಲು ಯಾವುದೋ ಹೋಟೆಲ್ಲಿನದು. ಸೀರೆ ಮೊನ್ನೆ ಕೊಂಡದ್ದು. ಕೆಳಗೆ ಮಾತ್ರ ‘ಅಜ್ಜಿಯ ನೆನಪು’ ಎಂದು ಬರೆದಿರುತ್ತಿತ್ತು. ಸೂಜಿಗೆ ದಾರ ಪೋಣಿಸಲು ಬಾರದವರು ಕಸೂತಿಯ ಬಗ್ಗೆ ಭಾಷಣ ಬರೆಯುತ್ತಿದ್ದರು. ಒಬ್ಬ ಗಂಡಸು ಎಲ್ಲದರ ಕೆಳಗೂ ‘ನಮ್ಮ ಸಂಸ್ಕೃತಿ ಉಳಿಯಬೇಕು’ ಎಂದು ಹಾಕುತ್ತಿದ್ದ. ಯಾರೋ ತಮ್ಮ ಬೆಕ್ಕು ಕಳೆದಿದೆ ಎಂದು ತಪ್ಪಿ ಅಲ್ಲಿ ಹಾಕಿದಾಗಲೂ ಅದನ್ನೇ ಹಾಕಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಹೀಗೆಲ್ಲ ಅವರನ್ನು ಆಡಿಕೊಂಡು ನಗುತ್ತಲೇ ನಾನೂ ಒಂದು ದಿನ ಅವ್ವನ ಒಂದು ಹಾಳೆಯನ್ನು ಮೊಬೈಲಿನಲ್ಲಿ ಹೊಡೆದು ಆ ಗುಂಪಿಗೆ ಹಾಕಿದೆ. ಹಸಿರು ಇಳಕಲ್ ತುಂಡು, ಕೆಂಪು ದಡಿ. ಮಧ್ಯಾಹ್ನದೊಳಗೆ ಗುಂಪು ನಡೆಸುವ ಅಡ್ಮಿನ್ ಬಾಯಿ ನನಗೆ ಖಾಸಗಿ ಸಂದೇಶ ಕಳಿಸಿದಳು. ‘ಮೇಡಮ್, ಇದು ಸಾಮಾನ್ಯ ಅಲ್ಲ, ಇದು ಸ್ಕ್ರ್ಯಾಪ್‌ಬುಕ್. ನಿಧಿ. ಎಲ್ಲ ಪುಟಗಳೂ ಬೇಕು. ಮೊಬೈಲ್ ಬೇಡ, ಒಳ್ಳೆಯ ಕ್ಯಾಮೆರಾದಲ್ಲಿ ನೇರ ಮೇಲಿನಿಂದ ತೆಗೆಯಿರಿ. ಕೈಮಗ್ಗದ್ದು ಮಾತ್ರ ಇರಲಿ. ಮಿಲ್ ಬಟ್ಟೆ, ನೈಲಾನ್ ನಮ್ಮ ಗುಂಪಿನಲ್ಲಿ ನಡೆಯುವುದಿಲ್ಲ.’ ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ನನಗೆ ನಿಧಿ ಎಂಬ ಶಬ್ದ ಬಳಸಿರಲಿಲ್ಲ. ಅದು ಅವ್ವನ ಹಾಳೆಗೆ ಹೇಳಿದ್ದು ಎಂಬುದನ್ನು ಆ ಕ್ಷಣಕ್ಕೆ ಮರೆತು ನಾನು ಉಬ್ಬಿದೆ.

ಕ್ಯಾಮೆರಾ ಇತ್ತು. ಶಾಲೆಯ ಗ್ಯಾದರಿಂಗಿನ ಫೋಟೋ ಹೊಡೆಯಲೆಂದು ಎಂದೋ ಕೊಂಡ ಬೆಳ್ಳಿ ಬಣ್ಣದ ಡಿಜಿಟಲ್ ಡಬ್ಬಿ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಮೂತಿ ಹೊರಗೆ ಚಾಚಿ ಗುಂಯ್ ಎನ್ನುತ್ತಿತ್ತು, ಒಮ್ಮೊಮ್ಮೆ ಚಾಚಿದ ಮೂತಿಯನ್ನು ಒಳಗೆ ಎಳೆದುಕೊಳ್ಳಲು ಮರೆಯುತ್ತಿತ್ತು. ಅದರಲ್ಲಿ ನೂರಾರು ಹೆಡ್‌ಮಾಸ್ತರರು ನೂರಾರು ಶಾಲು ಹೊದೆಸಿಕೊಂಡದ್ದನ್ನು ಹಿಡಿದಿದ್ದೆ. ಈಗ ಆ ಡಬ್ಬಿಗೆ ಪುಣ್ಯ ಬಂತು ಎಂದುಕೊಂಡೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿಯಿದೆ. ಮುಂಜಾನೆ ಒಂಬತ್ತಕ್ಕೆ ಅದರಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬಿದ್ದು, ಹನ್ನೊಂದರ ಹೊತ್ತಿಗೆ ಜೋಳದ ಚೀಲ ಹತ್ತುತ್ತದೆ. ಫ್ಲ್ಯಾಶ್ ಹಾಕಿದರೆ ಬಟ್ಟೆ ಬೆಳ್ಳಗೆ ಸುಟ್ಟಂತೆ ಬರುತ್ತಿತ್ತು, ಹಾಕದಿದ್ದರೆ ಕೆಂಪು ಕಂದಾಗುತ್ತಿತ್ತು. ಕಡೆಗೆ ಬಿಸಿಲಿನ ಅಂಚಿಗೆ ಒಂದು ಮಣೆ ಇಟ್ಟು, ಅದರ ಮೇಲೆ ಹಾಳೆ ಹಾಸಿ, ಮೂಲೆಗಳಿಗೆ ತಕ್ಕಡಿಯ ಹಳೆಯ ಕಲ್ಲುಗಳನ್ನು ಹೇರಿ, ನಾನು ಸ್ಟೂಲಿನ ಮೇಲೆ ನಿಂತು ಬಗ್ಗಿ ಹೊಡೆಯುವುದೆಂದು ನಿರ್ಧಾರವಾಯಿತು. ಬಗ್ಗಿದರೆ ನನ್ನದೇ ತಲೆಯ ನೆರಳು ಹಾಳೆಯ ಮೇಲೆ ಬೀಳುತ್ತಿತ್ತು. ಬಿಸಿಲು ಸರಿದಂತೆ ಮಣೆ ಸರಿಸಬೇಕು, ಮಣೆ ಸರಿಸಿದಂತೆ ಸ್ಟೂಲು. ದಿನಕ್ಕೆ ಎಂಟು ಹತ್ತು ಹಾಳೆಗಿಂತ ಹೆಚ್ಚು ಆಗುತ್ತಿರಲಿಲ್ಲ.

ಅವ್ವ ಕಂಬಕ್ಕೆ ಒರಗಿ ಕೂತು ಹಾಳೆಗಳನ್ನು ಒಂದೊಂದಾಗಿ ಬಿಚ್ಚಿಕೊಡುತ್ತಿದ್ದಳು.

“ಹಾಳಿ ಕಲಸಬ್ಯಾಡ. ತಗದಂಗ ಇಡು,” ಎಂದು ನೂರು ಸಲ ಹೇಳುತ್ತಿದ್ದಳು.

“ಕಲಸೂದಿಲ್ಲ ಬೇ.”

“ಆ ಹಾಳಿ ಯಾಕ ಬಾಜೂಕ್ ಇಟ್ಟಿ? ಎಲ್ಲಾ ಹೊಡಿ.”

“ಎಲ್ಲಾ ಛಲೋ ಇಲ್ಲ ಬೇ. ಇದು ಮಿಲ್ ಅರಬಿ. ಬಣ್ಣ ಹೋಗೇತಿ.”

“ಛಲೋ ಕೇಳಿದವ್ರ ಯಾರು?” ಎಂದಳು ಅವ್ವ.

ಅವಳಿಗೆ ಸೌಂದರ್ಯಪ್ರಜ್ಞೆ ಎಂದರೇನು ಎಂದು ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ. ಕೈಮಗ್ಗದ ತುಂಡುಗಳನ್ನು ಹೊಡೆದೆ. ಅಚ್ಚಿನ ಹೂವಿನ ವಾಯಿಲ್, ಮಾಸಿದ ಮಿಲ್ ಸೀರೆ, ಮಿರಿಮಿರಿ ನೈಲಾನ್ ಹೊಲಿದ ಹಾಳೆಗಳನ್ನು ಬಿಟ್ಟೆ. ಹನ್ನೊಂದು ಹಾಳೆ ಬಿಟ್ಟೆ. ಆದರೆ ಕಟ್ಟುವಾಗ ಎಲ್ಲವನ್ನೂ ಅವ್ವ ಹೇಳಿದ ಸರತಿಯಲ್ಲೇ ಕಟ್ಟಿದೆ, ಅಷ್ಟು ವಿಧೇಯಳಾಗಿದ್ದೆ.

ಇನ್ನು ಧೂಳು. ಬಾಜೂಮನೆಯವರ ಆಡು ಮಾಳಿಗೆಯಿಂದ ಮಾಳಿಗೆಗೆ ಜಿಗಿದು ನಮ್ಮ ಮನೆಯ ಮೇಲೆ ತಿರುಗಾಡಿದಾಗೆಲ್ಲ ಬೆಳಕಿಂಡಿಯಿಂದ ಮಣ್ಣು ಉದುರುತ್ತಿತ್ತು. ಕ್ಯಾಮೆರಾದ ಕಣ್ಣಿನ ಮೇಲೆ ಒಂದು ಕಣ ಕೂತರೂ ಚಿತ್ರದಲ್ಲಿ ಮಬ್ಬು ಮಚ್ಚೆ ಕಾಣುತ್ತಿತ್ತು. ನನ್ನ ಸೆರಗಿನಿಂದ ಒರೆಸಿದರೆ ಇನ್ನಷ್ಟು ಅಂಟುತ್ತಿತ್ತು. ಕೈಮಗ್ಗದ ಗುಂಪಿನ ಮಾನ್ಯ ಸದಸ್ಯೆ ಉಡುತ್ತಿದ್ದುದು ಪಾಲಿಸ್ಟರ್. ಅವ್ವ ಗುಡಿಗೆ ಹೋಗಿದ್ದ ಒಂದು ಮುಂಜಾನೆ, ನಾನು ಬಿಟ್ಟಿದ್ದ ಹಾಳೆಗಳಲ್ಲೇ ಒಂದರ ಬಟ್ಟೆ ಕೈಗೆ ಸಿಕ್ಕಿತು. ಯಾವ ಬಣ್ಣವಿತ್ತೋ ತಿಳಿಯದಷ್ಟು ಬೆಳ್ಳಗಾದ, ಒಗೆದು ಒಗೆದು ಬೆಣ್ಣೆಯಂತಾದ ಹತ್ತಿ ಬಟ್ಟೆ. ಅಲ್ಲಲ್ಲಿ ಸಣ್ಣ ಹೂವಿನ ಗುರುತು ಉಳಿದಿತ್ತು, ನಡುವೆ ಇನ್ನೊಂದು ಬಟ್ಟೆಯ ತೇಪೆ. ಕತ್ತರಿಯಿಂದ ನಾಲ್ಕೂ ಕಡೆಯ ಹೊಲಿಗೆ ಕತ್ತರಿಸಿ ಅದನ್ನು ಬಿಡಿಸಿಕೊಂಡೆ. ಖಾಲಿ ಹಾಳೆಯನ್ನು ಅದರ ಜಾಗಕ್ಕೆ ಸೇರಿಸಿದೆ. ಆ ತುಂಡಿನಿಂದ ಒರೆಸಿದರೆ ಕ್ಯಾಮೆರಾದ ಕಣ್ಣು ಹೊಸದರಂತೆ ಹೊಳೆಯುತ್ತಿತ್ತು. ಮುಂದಿನ ಎಲ್ಲ ಒಳ್ಳೆಯ ಚಿತ್ರಗಳು ಬಂದದ್ದು ಆ ಬಟ್ಟೆಯಿಂದ. ಕೆಲಸ ಮುಗಿದ ಮೇಲೆ ಅದನ್ನು ಮಡಚಿ ಕ್ಯಾಮೆರಾದ ಚೀಲದಲ್ಲೇ ಇಟ್ಟೆ.

ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಆಡಿನ ಜೊತೆ ಮಾಳಿಗೆಯ ಮೇಲೆ ಕೂತು, ಮೊಬೈಲಿಗೆ ಇಳಿಸಿಕೊಂಡ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ಅಪ್‌ಲೋಡ್ ಮಾಡಿದೆ. ಅರವತ್ತರ ಹೆಂಗಸು ಏಣಿ ಹತ್ತಿ ಇಳಿದು ಮೊಳಕಾಲು ನೋಯಿಸಿಕೊಂಡದ್ದು ಯಾತಕ್ಕೆ? ‘ವಾವ್’, ‘ಸೂಪರ್ ಮೇಡಮ್’, ಕೈಮುಗಿದ ಗೊಂಬೆ, ಹೂವಿನ ಗೊಂಬೆ. ಆಮೇಲೆ ಸಂತೆ ಶುರುವಾಯಿತು. ‘ರೇಟ್ ಪ್ಲೀಸ್.’ ‘ಕೊರಿಯರ್ ಇದೆಯಾ?’ ‘ಡಬಲ್ ಕಾಟ್ ಸೈಜಿನಲ್ಲಿ ಸಿಗುತ್ತಾ?’ ‘ಎಂಟನೇ ಫೋಟೋದ ಬಣ್ಣದಲ್ಲಿ ನಾಲ್ಕು ದಿಂಬಿನ ಗೌಸು ಬೇಕು.’ ಒಬ್ಬಳು ತನ್ನ ಅಜ್ಜಿಯ ಇಂಥವೇ ಸೀರೆಗಳನ್ನು ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಂಡದ್ದನ್ನು ಬರೆದು, ಅಳುವ ಗೊಂಬೆ ಹಾಕಿದ್ದಳು. ಡಬ್ಬಿಯಲ್ಲಿ ಈಗ ಏನು ತುಂಬಿದ್ದೀರಿ ಎಂದು ಕೇಳಬೇಕೆನ್ನಿಸಿತು. ಸಂಸ್ಕೃತಿಯ ಗಂಡಸು ತನ್ನ ಪಾಲಿನದನ್ನು ಹಾಕಿ ಹೋಗಿದ್ದ.

ಇವರೆಲ್ಲ ಎಂಥ ಬೋಳು ಬುದ್ಧಿಯ ಮಂದಿ ಎಂದು ಬೈಯುತ್ತ ನಾನು ಗಂಟೆಗೊಮ್ಮೆ ಮಾಳಿಗೆ ಹತ್ತಿ ಎಷ್ಟು ಮಂದಿ ಮೆಚ್ಚಿದರು ಎಂದು ಎಣಿಸುತ್ತಿದ್ದೆ. ಸಂಜೆ ಅವ್ವನಿಗೆ ಎಲ್ಲ ಓದಿ ಹೇಳಿದೆ. ಅವಳು ಕಡೆತನಕ ಕೇಳಿ, “ಯಾರ ಮನೀದು ಅಂತ ಒಬ್ಬರೂ ಕೇಳಲಿಲ್ಲೇನು?” ಎಂದಳು. ನಾನೂ ಕೇಳಿರಲಿಲ್ಲ. ಆದರೆ ಆಗ ಅದು ನನಗೆ ಹೊಳೆಯಲಿಲ್ಲ, ಹಳ್ಳಿಯ ಮುದುಕಿಯ ಮಾತೆಂದು ಏಣಿಯ ಕಡೆ ನಡೆದೆ.

ವಾರ ಹತ್ತು ದಿನ ಕಳೆದಿರಬೇಕು. ಒಂದು ಮುಂಜಾನೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಚೀಚೆ ವಯಸ್ಸು, ಕೈಯಲ್ಲಿ ವಾಯರ್ ಬುಟ್ಟಿ, ಬಸ್ಸಿನ ಧೂಳು ಮೆತ್ತಿದ ಮುಖ. ಹೊಸ್ತಿಲ ಕೆಳಗೇ ನಿಂತಿದ್ದಳು, ಮೇಲೆ ಬರಲಿಲ್ಲ.

“ಅಕ್ಕಾರ, ಫೇಸ್‌ಬುಕ್ಕಿನ್ಯಾಗ ಸೀರಿ ತುಂಡ ಹಾಕಿದವ್ರು ನೀವ ಹೌದಲ್ರಿ?”

ರೇಟ್ ಕೇಳುವವರು ಈಗ ಮನೆಗೇ ಬರತೊಡಗಿದರು ಎಂದುಕೊಂಡೆ. “ಹೌದು. ಮಾರೂದಿಲ್ಲ,” ಎಂದೆ, ಬಾಗಿಲಿಗೆ ಅಡ್ಡ ನಿಂತೇ.

“ಮಾರೂದಲ್ರಿ. ನಮ್ಮ ಮನಿ ಕಾಣವಲ್ದು. ಕೇಳೂಣಂತ ಬಂದೆ.”

ಅವ್ವ ಒಳಗಿನಿಂದಲೇ ಧ್ವನಿಯ ಗುರುತು ಹಿಡಿದಳು. “ಗುಡಿ ಹಿಂದಿನ ಮನಿ ಸಣ್ಣಾಕಿ ಅಲ್ಲೇನು ನೀನು? ಅಲ್ಲೇ ಯಾಕ ನಿಂತಿ, ಒಳಗ ಬಾ.” ಆಕೆ ಚಪ್ಪಲಿ ಬಿಟ್ಟು, ನನ್ನನ್ನು ದಾಟಿ, “ದೊಡ್ಡವ್ವಾ” ಎಂದು ಹೋಗಿ ಅವ್ವನ ಕಾಲು ಮುಟ್ಟಿದಳು. ಮದುವೆಯಾಗಿ ಅಳ್ನಾವರಕ್ಕೆ ಹೋದವಳು, ಅಲ್ಲಿ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ, ಕುಪ್ಪಸದ ಡಿಸೈನು ನೋಡಲೆಂದು ಆ ಗುಂಪು ಸೇರಿದ್ದಾಳೆ ಎಂಬುದೆಲ್ಲ ಅವರಿಬ್ಬರ ಮಾತಿನಲ್ಲಿ ತಿಳಿಯಿತು. ಬೆಳಿಗ್ಗೆ ಕತ್ತಲಿರುವಾಗಲೇ ಬಸ್ಸು ಹಿಡಿದು, ಧಾರವಾಡದಲ್ಲೊಮ್ಮೆ ಹುಬ್ಬಳ್ಳಿಯಲ್ಲೊಮ್ಮೆ ಬದಲಿಸಿ ಬಂದಿದ್ದಳು.

ಆಮೇಲೆ ಆಕೆ ನೆಲಕ್ಕೆ ಫೋನ್ ಇಟ್ಟು, ನಾನು ಹಾಕಿದ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಹೋದಳು.

“ಇದು ಅಗಸಿ ಬಾಜೂಕಿನ ಗೌಡ್ರ ಮನಿ ಆಯೀದು. ಹಸರ ಸೀರಿ, ಕೆಂಪ ದಡಿ. ದೀಪಾವಳಿಗೆ ಇದನ್ನ ಉಡತಿದ್ರು. ಇದು ಅವರ ಎದುರಗಿ ಮನೀದು. ಇದು ಕಿರಾಣಿ ಅಂಗಡಿ ಅಮ್ಮಾರದು, ಸೆರಗಿನ್ಯಾಗ ಕೀಲಿ ಗೊಂಚಲ ಕಟ್ಟಿ ಕಟ್ಟಿ ಹಿಂಗ ಜಗ್ಗೇತಿ ನೋಡ್ರಿ. ಇದು ಬಾವಿ ಮನೀದು. ನಾ ಮೊದಲ್ನೇ ನಾಕು ನೋಡಿದ ಕೂಡ್ಲೇ ತಿಳೀತ್ರಿ ಅಕ್ಕಾರ, ನೀವು ನಮ್ಮ ಓಣಿ ಹಾಕೀರಿ ಅಂತ. ಒಂದೊಂದ ಮನಿ ದಾಟಕೋತ ಹೊಂಟೆ, ನಮ್ಮ ಮನಿಗೆ ಹೊಂಟೆ. ಗುಡಿ ಎದುರಿನ ಮನಿ ಬಂತ್ರಿ. ಅದರ ಮುಂದ ನಮ್ಮ ಮನಿ ಬರಬೇಕು. ಅಲ್ಲೇ ಮುಗದೈತಿ.”

ನಾನು ಅವ್ವನ ಕಡೆ ತಿರುಗಿದೆ. “ಓಣಿ ಪ್ರಕಾರ ಕಟ್ಟೀಯೇನಬೇ ಇದನ್ನ?”

“ಮತ್ತೇನ್ ತಿಳಿದಿದ್ದಿ? ಹಾಳಿ ಕಲಸಬ್ಯಾಡಂತ ಯಾಕ ಬಡಕೊಂಡೆ?”

“ಹೇಳಬೇಕಿಲ್ಲೋ ಮೊದಲ?”

“ನೀ ಕೇಳಿದ್ದೇನು?”

ಓಣಿಯ ಮಧ್ಯದ ಮನೆಯಿಂದ ಸೀರೆಗಳ ಗಂಟು ಬಂದರೆ ಅವ್ವ ದಾರ ಬಿಚ್ಚಿ, ಹೊಸ ಹಾಳೆಯನ್ನು ಆ ಮನೆಯ ಜಾಗಕ್ಕೇ ಸೇರಿಸಿ ಮತ್ತೆ ಕಟ್ಟುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಕೆಲಸವಿಲ್ಲದ ಕೆಲಸ ಎಂದುಕೊಂಡಿದ್ದೆ. ಹೆಸರು ಬರೆಯಲು ಬಾರದವಳು ಜಾಗವನ್ನೇ ಹೆಸರು ಮಾಡಿಕೊಂಡಿದ್ದಳು. ಇದು ತಿಳಿಯಲು ನನಗೆ ಅರವತ್ತು ವರ್ಷ ಬೇಕಾಯಿತು, ಅಳ್ನಾವರದ ಅಡುಗೆಯವಳೂ ಬೇಕಾದಳು.

“ನಮ್ಮವ್ವಂದು ಒಂದ ಫೋಟೋ ಇಲ್ರಿ ಅಕ್ಕಾರ,” ಎಂದಳು ಆಕೆ. “ಮದವಿಯಾಗೂ ತಗದಿಲ್ಲ, ಸತ್ತಾಗೂ ತಗದಿಲ್ಲ. ಕೌದಿ ಅಣ್ಣನ ಮನೀಗೆ ಹೋತು. ಹರದ ಮ್ಯಾಲ ಎಮ್ಮಿ ಮ್ಯಾಲ ಹೊಚ್ಚಿದ್ರಂತ. ನನಗ ಆಕಿ ಮಾರಿ ಸೈತ ಈಗ ಪೂರಾ ನೆನಪಾಗವಲ್ದು. ಸೀರಿ ನೆನಪೈತಿ. ಒಮ್ಮಿ ನೋಡೇನು ಅಂತ ಬಂದೀನಿ.”

ಅವ್ವ ಕಟ್ಟು ತೆಗೆದು ದಾರ ಬಿಚ್ಚಿದಳು. ಗುಡಿ ಎದುರಿನ ಮನೆಯ ಹಾಳೆ ಎತ್ತಿ ಬಾಜು ಇಟ್ಟಳು. ಅದರ ಕೆಳಗೆ ಖಾಲಿ ಹಾಳೆ. ನಾಲ್ಕೂ ಕಡೆ ಸೂಜಿಯ ತೂತು, ಕತ್ತರಿಸಿದ ದಾರದ ತುಂಡುಗಳು.

ಯಾವ ಹಾಳೆ ಅದು ಎಂಬುದು ನನಗೆ ಆಗಲೇ ತಿಳಿದಿತ್ತು. ಆದರೂ ನನ್ನ ಬಾಯಿ ನನಗಿಂತ ಮುಂದೆ ಓಡಿತು. “ಇಲಿ ಕಡದಿರಬೇಕು,” ಎಂದೆ.

ಅವ್ವ ಹಾಳೆಯನ್ನು ಬೆಳಕಿಂಡಿಯ ಕಡೆ ಎತ್ತಿ ಹಿಡಿದು ನೋಡಿದಳು. “ಇಲಿ ಕತ್ತರಿ ಹಿಡಿತೈತೇನು?” ಎಂದಳು. ಆಮೇಲೆ ಹಾಳೆ ಇಳಿಸಿ ನನ್ನನ್ನು ನೋಡಿದಳು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಸಿಕ್ಕಿಬಿದ್ದ ಮಗು ಹೇಗೆ ನಿಲ್ಲುತ್ತದೆ ಎಂದು ನನಗೆ ಗೊತ್ತು. ಹಾಗೇ ನಿಂತೆ.

ಎದ್ದು ಹೋಗಿ ಕ್ಯಾಮೆರಾದ ಚೀಲ ತಂದೆ. ಅದರೊಳಗಿನಿಂದ ಬಟ್ಟೆ ತೆಗೆದು ಆಕೆಯ ಕೈಗೆ ಕೊಟ್ಟೆ. ಒಂದು ಮೂಲೆ ನನ್ನ ಬೆರಳಿನ ಕೊಳೆಗೆ ಕಪ್ಪಾಗಿತ್ತು. “ಇದರಲೇ ಕ್ಯಾಮೆರಾ ಒರಸಿದೆ,” ಎಂದೆ.

ಆಕೆ ಅದನ್ನು ಮೊಳಕಾಲ ಮೇಲೆ ಹರವಿ, ಮಡಿಕೆಗಳನ್ನು ಅಂಗೈಯಿಂದ ಸವರಿದಳು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು, ನನ್ನ ನಾಲಿಗೆಗೆ ಅದರ ರೂಢಿಯಿದೆ.

“ಮೆತ್ತಗೈತಲ್ರಿ, ಅದಕ್ಕ ನಿಮಗ ಒರಸಾಕ ಛಲೋ ಅನಿಸಿರಬೇಕು,” ಎಂದಳು. “ಹತ್ತಿ ಬಿಡಸಾಕ ಹೋಗುವಾಗ ಇದರದ ಉಡಿ ಕಟ್ಟತಿದ್ಲು. ಭಾರ ಆಗಿ ಇಲ್ಲೇ ಹರೀತು. ಈ ತ್ಯಾಪಿ ನನ್ನ ಲಂಗದ್ದು.”

ಅವ್ವ ನನಗೆ ಬೈದಳು. ಮನಸಾರೆ ಬೈದಳು. “ನಿನ್ನ ಕಣ್ಣಾಗ ಮಣ್ಣ ಹಾಕ! ಸಾಲಿ ಕಲಿತಾಕಿ ಅಂತ ನಿನ್ನ ಕೈಯಾಗ ಕೊಟ್ಟೆ. ಹಾಳಿ ಬಿಡಬ್ಯಾಡಂದೆ, ಬಿಟ್ಟಿ. ಯಾವ್ಯಾವ ಮನಿ ಬಿಟ್ಟಿ, ಹೇಳು.” ನಾನು ಬಿಟ್ಟ ಹಾಳೆಗಳನ್ನು ಒಂದೊಂದಾಗಿ ತೋರಿಸಿದೆ. ಅವ್ವ ಬೆರಳು ಮಡಚುತ್ತ ಮನೆಗಳನ್ನು ಹೇಳಿದಳು. ಎತ್ತು ಕಾಯುವವರದು. ಕಸ ಹೊಡೆಯುವವಳದು. ಮೂರು ಮನೆ ಹೊಲದ ಕೂಲಿಯವರದು. ಗುಡಿಯ ಹಿಂದಿನ ಸಾಲು ಪೂರ್ತಿ. ಹನ್ನೊಂದರಲ್ಲಿ ಹೊಲವಿದ್ದವರ ಮನೆ ಒಂದೂ ಇರಲಿಲ್ಲ.

ನಾನು ಆರಿಸಿದ್ದು ಬಣ್ಣ ನೋಡಿ, ನೇಯ್ಗೆ ನೋಡಿ. ಯಾರ ಮನೆಯದೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆಯೇ, ಒಂದೂ ತಪ್ಪಿಲ್ಲದೆ, ಈ ಊರು ಯಾವಾಗಲೂ ಬಿಟ್ಟ ಮನೆಗಳನ್ನೇ ಬಿಟ್ಟಿದ್ದೆ. ತನ್ನ ಎಲ್ಯಾಗ ಹೆಗ್ಗಣ ಬಿದ್ದಿದ್ದರೂ ಮಂದಿ ಎಲ್ಯಾಗಿನ ನೊಣ ನೋಡತಾಳ ಎಂದು ಅವ್ವ ನನಗೆ ಚಿಕ್ಕಂದಿನಿಂದ ಅನ್ನುತ್ತಿದ್ದಳು. ದಿಂಬಿನ ಗೌಸು ಕೇಳಿದವಳನ್ನು ನಾನು ವಾರವಿಡೀ ಆಡಿಕೊಂಡಿದ್ದೆ. ಅವಳು ಬರೀ ಕೇಳಿದ್ದಳು, ನಾನು ಕತ್ತರಿಯನ್ನೇ ಆಡಿಸಿದ್ದೆ.

“ಒಯ್ಯವಾ,” ಎಂದಳು ಅವ್ವ ಆಕೆಗೆ. “ನಿಮ್ಮವ್ವಂದು. ನೀ ಇಟ್ಕೋ.”

ಆಕೆ ತಲೆಯಾಡಿಸಿದಳು. “ಬ್ಯಾಡ ದೊಡ್ಡವ್ವಾ. ನನ್ನ ಕಡೆ ಇದ್ರ ಬರೇ ಅರಬಿ. ಇಲ್ಲಿದ್ರ ಮನಿ. ಅದರ ಜಾಗಾಕ್ಕ ಹಚ್ಚು.” ಆಮೇಲೆ ನನ್ನ ಕಡೆ ನೋಡಿ, “ಎಲ್ಲಾರದ ಫೋಟೋ ಹೊಡದೀರಿ. ನಮ್ಮವ್ವಂದೂ ಹೊಡೀರಿ ಅಕ್ಕಾರ. ಎಲ್ಲಾರ ಬಾಜೂಕ್ ಹಾಕ್ರಿ,” ಎಂದಳು. ಬೇಡಿಕೊಂಡ ಧ್ವನಿಯಾಗಿರಲಿಲ್ಲ ಅದು. ಬಿಟ್ಟುಹೋದ ಲೆಕ್ಕವನ್ನು ಮಾಸ್ತರರಿಗೆ ತೋರಿಸುವ ಧ್ವನಿ.

ಅವ್ವನಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಆಕೆ ದಾರ ಪೋಣಿಸಿಕೊಟ್ಟಳು. ಅವ್ವ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸುತ್ತ ಬಟ್ಟೆಯನ್ನು ಹಾಳೆಗೆ ಹೊಲಿದಳು. ಅಷ್ಟರಲ್ಲಿ ಬಿಸಿಲು ಜೋಳದ ಚೀಲದ ಹತ್ತಿರ ಸರಿದಿತ್ತು. ಮಣೆಯನ್ನು ಅಲ್ಲಿಗೆ ಎಳೆದು, ಕಲ್ಲು ಹೇರಿ, ಸ್ಟೂಲು ಹತ್ತಿದೆ. ಮೇಲೆ ಆಡು ಓಡಿತು, ಮಣ್ಣು ಉದುರಿತು. ಒರೆಸಲೆಂದು ರೂಢಿಯಂತೆ ಚೀಲದೊಳಗೆ ಕೈ ಹಾಕಿದೆ. ಚೀಲ ಖಾಲಿ. ಬಟ್ಟೆ ಕೆಳಗೆ ಹಾಳೆಯ ಮೇಲಿತ್ತು. ಸೆರಗಿನಿಂದ ಎಷ್ಟು ತಿಕ್ಕಿದರೂ ಮಬ್ಬು ಪೂರ್ತಿ ಹೋಗಲಿಲ್ಲ. ಹಾಗೇ ಹೊಡೆದೆ. ನೆರಳಿನ ಗೊಡವೆಗೆ ಹೋಗದೆ ಉಳಿದ ಹತ್ತು ಹಾಳೆಗಳನ್ನೂ ಒಂದೇ ಸಮ ಹೊಡೆದೆ. ಬಿಸಿಲು ಗೋಡೆ ಹತ್ತುವತನಕ ಆಕೆ ಕೂತು ನೋಡಿದಳು, ಆಮೇಲೆ ರೊಟ್ಟಿ ತಿಂದು ಮೂರರ ಬಸ್ಸಿಗೆ ಹೊರಟಳು.

ಆ ಸಂಜೆಯೇ ಮಾಳಿಗೆಗೆ ಹೋಗಿ ಹನ್ನೊಂದನ್ನೂ ಗುಂಪಿಗೆ ಹಾಕಿದೆ. ‘ಬಿಟ್ಟುಹೋದ ಮನೆಗಳು’ ಎಂದು ಬರೆದೆ. ಮರುದಿನ ಅವು ಅಲ್ಲಿರಲಿಲ್ಲ. ಅಡ್ಮಿನ್ ಬಾಯಿಯ ಸಂದೇಶವಿತ್ತು. ‘ಮೇಡಮ್, ಇವು ಮಿಲ್ ಬಟ್ಟೆ. ನಿಯಮ ಮೊದಲೇ ಹೇಳಿದ್ದೆ. ಗುಂಪಿನ ಅಂದ ಕೆಡುತ್ತದೆ.’ ನನಗೆ ಬರುವ ಒಳ್ಳೆಯ ಬೈಗುಳಗಳನ್ನೆಲ್ಲ ಆರಿಸಿ ಒಂದು ಉತ್ತರ ಬರೆದೆ. ಕಳಿಸುವ ಮೊದಲು ಓದಿ ನೋಡಿದರೆ ಪ್ರತಿಯೊಂದೂ ನನಗೇ ಸರಿಯಾಗಿ ಒಪ್ಪುತ್ತಿತ್ತು. ಅಳಿಸಿದೆ. ಹಸಿರು ಇಳಕಲ್‌ನಿಂದ ಹಿಡಿದು ನಾನು ಹಾಕಿದ ಎಲ್ಲವನ್ನೂ ಒಂದೊಂದಾಗಿ ಅಳಿಸಿ ಗುಂಪಿನಿಂದ ಹೊರಬಿದ್ದೆ. ಓಣಿ ಇದ್ದರೆ ಪೂರ್ತಿ ಇರಲಿ, ಇಲ್ಲದಿದ್ದರೆ ಬೇಡ. ಆಮೇಲೆ ಅವ್ವನನ್ನು ಕೂರಿಸಿಕೊಂಡು, ಒಂದೊಂದು ಹಾಳೆಯ ಮೂಲೆಯಲ್ಲೂ ಮನೆಯ ಹೆಸರು, ಹೆಂಗಸಿನ ಹೆಸರು ಬರೆಯತೊಡಗಿದೆ. ಇನ್ನೂ ಮುಗಿದಿಲ್ಲ. ಕೆಲವು ಹೆಂಗಸರ ಹೆಸರು ಅವ್ವನಿಗೂ ಗೊತ್ತಿಲ್ಲ, ಯಾರದೋ ಅವ್ವ, ಯಾರದೋ ಅತ್ತೆ ಎಂದಷ್ಟೇ ಗೊತ್ತು.

ಅಳ್ನಾವರದಾಕೆಗೆ ಅವಳ ಅವ್ವನ ಹಾಳೆಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಗುಂಪಿನಿಂದ ಅದನ್ನು ತೆಗೆದರೆಂದು ಹೇಳಲು ನಾಚಿಕೆಯಾಗಿ ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಒಂದು ಗಂಟೆಯೊಳಗೆ ಆಕೆಯ ಹೆಸರಿನ ಬಾಜು, ಮುಖದ ಚಿತ್ರವಿರುವ ಆ ಸಣ್ಣ ದುಂಡು ಜಾಗದಲ್ಲಿ, ಗುಲಾಬಿ ಹೂವಿನ ಚಿತ್ರ ಹೋಗಿ ಅದು ಬಂದಿತ್ತು. ಮಾಸಿದ ಬಟ್ಟೆ, ನಡುವೆ ಲಂಗದ ತೇಪೆ, ಒಂದು ಮೂಲೆಯಲ್ಲಿ ನಾನು ಒರೆಸಲಾರದೆ ಬಿಟ್ಟ ಮಬ್ಬು.

ಆಕೆ ಈಗ ಹಬ್ಬ ಹುಣ್ಣಿಮೆಗೆ ಅವ್ವನ ಜೊತೆ ಮಾತಾಡಲು ನನ್ನ ಫೋನಿಗೆ ವಾಟ್ಸ್ಆ್ಯಪ್ ಕರೆ ಮಾಡುತ್ತಾಳೆ. ಮಾಳಿಗೆಯಿಂದ ಬೆಳಕಿಂಡಿಗೆ ಫೋನ್ ಹಿಡಿದರೆ ಅವ್ವ ಕೆಳಗಿನಿಂದಲೇ ಕೂಗಿ ಮಾತಾಡುತ್ತಾಳೆ. ನಾನು ಮಾಳಿಗೆಯ ಮೇಲಿದ್ದರೆ ಫೋನ್ ಹೊತ್ತಿಕೊಂಡು ಆ ಬಟ್ಟೆ ಪರದೆಯ ತುಂಬ ಬಂದು ನಿಲ್ಲುತ್ತದೆ. ನಾನು ಎತ್ತುವ ಮೊದಲು ಪರದೆಯನ್ನು ಸೆರಗಿನಿಂದ ಒಮ್ಮೆ ಒರೆಸುತ್ತೇನೆ.